ಕುಚ್ಚು ಕಟ್ಟುತ್ತಾ ಹೋಗಿಬಂದ ಮದುವೆಗಳು

ಕಳೆದ ಮೂರು ವರ್ಷಗಳಲ್ಲಿ ನಾನು ಹೋಗಿಬಂದಷ್ಟು ಮದುವೆಗಳಿಗೆ ಈಗ ನಾವಿರುವ ಮಾರೇನಹಳ್ಳಿಯ ಯಾವ ಪುರೋಹಿತರೂ ಹೋಗಿರಲಾರರು. ಒಂದಕ್ಕೂ ಕರೆ ಬಂದಿರಲಿಲ್ಲ, ಒಂದಕ್ಕೂ ಉಡುಗೊರೆ ಕೊಟ್ಟಿಲ್ಲ, ಹೊಸಿಲು ದಾಟಿದ್ದೂ ಇಲ್ಲ. ಊಟ ಮಾತ್ರ ಹೊಟ್ಟೆ ಬಿರಿಯ. ಮುದುಕಿಗೆ ಅರಳುಮರಳು ಎಂದು ನೀವು ಅಂದುಕೊಂಡರೆ ನನಗೆ ಬೇಸರವಿಲ್ಲ; ನನ್ನ ಸೊಸೆಯೂ ಹಾಗೇ ಅಂದುಕೊಂಡಿದ್ದಾಳೆ. ಆದರೆ ಆ ಮದುವೆಗಳಿಗೆಲ್ಲ ನನ್ನ ಕೈಹಿಡಿದು ಕರೆದುಕೊಂಡು ಹೋದವಳು ನನ್ನ ಮೊಮ್ಮಗಳು ಸಿಂಚನ. ಅವಳಿಗೆ ಈಗ ಇಪ್ಪತ್ತೆರಡು. ಅರಳುಮರಳಿಗೆ ಇನ್ನೂ ಬಹಳ ಕಾಲವಿದೆ.

ನಮ್ಮದು ನೆಲಮಾಳಿಗೆಯೂ ಅಲ್ಲದ, ಮಹಡಿಯೂ ಅಲ್ಲದ, ಒಂದು ಕೋಣೆ ಒಂದು ಅಡುಗೆಮನೆಯ ಬಿಡಾರ. ಕಿಟಕಿ ಇದೆ. ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೆ ನೀರಿನ ಪೈಪು. ಕೈ ಚಾಚಿದರೆ ಮುಟ್ಟಬಹುದು. ಬಿಸಿಲು ಎಂಬುದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆ ಪೈಪಿನ ಮೇಲೆ ಒಂದು ಗೆರೆಯಷ್ಟು ಬಿದ್ದು, ಯಾರೋ ಕರೆದವರಂತೆ ಎದ್ದು ಹೋಗುತ್ತದೆ. ಹಗಲೆಲ್ಲ ಟ್ಯೂಬ್‌ಲೈಟ್ ಉರಿಯಬೇಕು. ಹೊರಗೆ ಮೋಡವೋ ಬಿಸಿಲೋ ತಿಳಿಯಬೇಕಾದರೆ ರಸ್ತೆಯಲ್ಲಿ ಸೊಪ್ಪಿನವಳ ಕೂಗು ಕೇಳಿ ಅಂದಾಜು ಮಾಡಬೇಕು. ಮಳೆ ಬಂದರೆ ಅವಳ ದನಿ ಅವಸರದ್ದಾಗುತ್ತದೆ.

ನನ್ನ ಮಗ ಹೋಗಿ ನಾಲ್ಕು ವರ್ಷ. ಕೆಲಸಕ್ಕೆ ಹೋದವನು ಎದೆ ನೋವೆಂದು ಕೂತನಂತೆ, ಏಳಲಿಲ್ಲ. ಅದಕ್ಕಿಂತ ಹೆಚ್ಚು ಬರೆಯಲು ನನ್ನ ಬೆರಳಿಗೆ ಬರುವುದಿಲ್ಲ. ಸೊಸೆ ಸುಜಾತ ಮೊದಲಿನಿಂದಲೂ ಗಾರ್ಮೆಂಟ್ಸಿಗೆ ಹೋಗುವವಳು. ಬೆಳಿಗ್ಗೆ ಕಂಪನಿ ವ್ಯಾನ್ ಹತ್ತಿದರೆ ಸಂಜೆ ದಾರದ ನೂಲೆಲ್ಲ ತಲೆಗೆ ಮೆತ್ತಿಕೊಂಡು ಬರುತ್ತಾಳೆ. ಬಿ.ಕಾಂ. ಎರಡನೇ ವರ್ಷದಲ್ಲಿದ್ದ ಸಿಂಚನ ಅಪ್ಪ ಹೋದ ಮೇಲೆ ಕಾಲೇಜಿಗೆ ಹೋಗಲಿಲ್ಲ. ಯಾರೂ ಬಿಡು ಎನ್ನಲಿಲ್ಲ. ಯಾರೂ ಹೋಗು ಎಂದೂ ಹೇಳಲಿಲ್ಲ. ಕಾಲೇಜು ತಾನೇ ಬಿಟ್ಟುಹೋಯಿತು. ಒಂದು ವರ್ಷ ಅವಳು ಆ ಪೈಪನ್ನು ನೋಡುತ್ತಾ ಕೂತಿದ್ದಳು. ನೋಡಲಾರದೆ ನಾನು ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಅವಳಿಗೆ ಕಲಿಸಿದೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು.

ಕುಚ್ಚು ನೋಡಿದ್ದೀರಿ, ಕಟ್ಟುವುದನ್ನು ನೋಡಿದ್ದೀರೋ ಇಲ್ಲವೋ. ಸೆರಗಿನ ತುದಿಯನ್ನು ದಿಂಬಿಗೆ ಪಿನ್ ಚುಚ್ಚಿ ನಿಲ್ಲಿಸಿ, ನೇಯದೆ ಬಿಟ್ಟ ಎಳೆಗಳನ್ನು ಬಿಡಿಸಿ, ಇಷ್ಟಿಷ್ಟೇ ಹಿಡಿದು ಹೊಸೆದು, ಗಂಟು ಹಾಕಿ, ಮಣಿ ಪೋಣಿಸಿ, ರೇಷ್ಮೆ ದಾರ ಸುತ್ತಿ, ಸಮನಾಗಿ ಕತ್ತರಿಸುವುದು. ಒಂದು ಕುಚ್ಚು ಕಟ್ಟಿದರೆ ಚೆಂದ. ಹತ್ತು ಕಟ್ಟಿದರೆ ಬೇಸರ. ಆಮೇಲೆ ಬೇಸರವೂ ಸತ್ತು ಕೈ ತಾನೇ ನಡೆಯುತ್ತದೆ, ತಲೆ ಖಾಲಿಯಾಗುತ್ತದೆ. ಖಾಲಿ ತಲೆಯೊಳಗೆ ಸಿಂಚನ ಮದುವೆಮನೆ ಕಟ್ಟತೊಡಗಿದಳು.

ಮೊದಲ ಸಲ ನನಗೆ ಕೇಳಿಸಿದ್ದು ಅವಳು ತನ್ನಷ್ಟಕ್ಕೆ ನಕ್ಕದ್ದು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ತಿಂಗಳಾಗಿತ್ತು. "ಏನೇ ಅದು?" ಎಂದೆ.

"ಏನಿಲ್ಲ ಅಜ್ಜಿ. ಈ ನೀಲಿ ಸೀರೆಯವ್ರ ಮನೇಲಿ ಬೀಗರು ಮುನಿಸ್ಕೊಂಡಿದಾರೆ. ಒಬ್ಬಟ್ಟು ತಣ್ಣಗಿದೆ ಅಂತ."

"ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಾನೇ ನೋಡ್ದೆ."

"ಆಮೇಲೆ?"

"ಹುಡುಗೀನೇ ಎದ್ದು ಹೋಗಿ, ಬಿಸಿ ತುಪ್ಪ ಸುರೀತೀನಿ ಮಾವ, ಒಬ್ಬಟ್ಟೂ ಬಿಸಿ ಆಗುತ್ತೆ, ನೀವೂ ತಣ್ಣಗಾಗ್ತೀರಾ ಅಂದ್ಲು."

ಅಲ್ಲಿಂದ ನಾನು ಕೆಟ್ಟೆ. ಪ್ರತಿ ಮಧ್ಯಾಹ್ನ ಪಾತ್ರೆ ತೊಳೆದು ಅವಳೆದುರು ಕೂತು ಎಳೆ ಬಿಡಿಸುತ್ತಾ "ಇವತ್ತು ಯಾರ ಮನೆ?" ಎಂದು ಕೇಳುವುದೇ ನನ್ನ ನಿತ್ಯಪೂಜೆಯಾಯಿತು. ನನಗೆ ಕೊಟ್ಟ ಕೆಲಸ ಎರಡೇ. ಮಡಿಕೆ ಬಿಡಿಸಿ, ಸೆರಗಿನ ತುದಿ ಹುಡುಕಿ ಅವಳ ಕೈಗೆ ಕೊಡುವುದು ಮತ್ತು ಎಳೆ ಬಿಡಿಸುವುದು. ಮಿಕ್ಕ ಹೊತ್ತೆಲ್ಲ ಮದುವೆಯಲ್ಲಿ ತಕರಾರು ಎತ್ತುವುದು. ಆ ಹುಡುಗನಿಗೆ ಇವಳನ್ನು ಕೊಡಬೇಡ ಕಣೇ, ಕಣ್ಣಲ್ಲೇ ಸಿಡುಕು ಕಾಣುತ್ತದೆ ಎಂದು ನಾನು ಎರಡು ದಿನ ಜಗಳವಾಡಿ ಒಂದು ಸಂಬಂಧ ಮುರಿಸಿದ್ದೂ ಇದೆ. ನಮಗೆ ಸೀರೆ ತಂದುಕೊಡುತ್ತಿದ್ದವಳು ಮೇನ್ ರೋಡಿನಲ್ಲಿ ಮ್ಯಾಚಿಂಗ್ ಸೆಂಟರ್ ಇಟ್ಟಿರುವ ಪದ್ಮ. ಒಂದು ದಿನ ಅವಳು ಸೀರೆ ಒಯ್ಯಲು ಬಂದಾಗ ನಾನು ಮೈಮರೆತು, "ಆ ಹುಡುಗನ ತಾಯಿ ಇನ್ನೂ ಮಾತು ಬಿಟ್ಟೇ ಇದಾಳೇನಮ್ಮ?" ಎಂದು ಕೇಳಿಬಿಟ್ಟೆ. ಪದ್ಮ ನನ್ನ ಮುಖ ನೋಡಿದಳು, ಸಿಂಚನಳ ಮುಖ ನೋಡಿದಳು, "ಅಜ್ಜಿಗೆ ಬಿಪಿ ಮಾತ್ರೆ ಸರಿಯಾಗ್ ಕೊಡ್ತಾ ಇದೀಯ ತಾನೆ?" ಎಂದು ಹೋದಳು.

ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು ಎಂದು ನಮ್ಮ ಹಿರಿಯರು ಹೇಳಿದ್ದಾರಲ್ಲ, ಅದನ್ನು ಅವರು ಬೈಗುಳವಾಗಿ ಹೇಳಿದರೋ ಅಡುಗೆಯ ಕ್ರಮವಾಗಿ ಹೇಳಿದರೋ ನನಗೆ ಇವತ್ತಿಗೂ ಅನುಮಾನ. ಮಂಡಿಗೆ ಮಾಡುವುದು ಸುಲಭವಲ್ಲ. ಬೋರಲು ಹಾಕಿದ ಕಾದ ಹೆಂಚಿನ ಮೇಲೆ ಬಟ್ಟೆಯಷ್ಟು ತೆಳುವಾದ ಹಿಟ್ಟನ್ನು ಹರಿಯದಂತೆ ಹರಡಬೇಕು, ಕೈ ಸುಡುತ್ತದೆ. ನಿಜವಾದ ಮಂಡಿಗೆ ಎಲ್ಲರಿಗೂ ದಕ್ಕುವುದಿಲ್ಲವೆಂದು ಗೊತ್ತಿದ್ದವರೇ ಯಾರೋ ಮನಸ್ಸಿನ ಮಂಡಿಗೆಯನ್ನು ಕಂಡುಹಿಡಿದಿರಬೇಕು. ಅದಕ್ಕೆ ಹೆಂಚು ಬೇಡ, ಸೌದೆ ಬೇಡ. ಅಷ್ಟಾದ ಮೇಲೆ ತುಪ್ಪಕ್ಕೇಕೆ ಜಿಪುಣತನ ಎಂಬುದು ನನ್ನ ಪ್ರಶ್ನೆ.

ನಾನಂತೂ ಜಿಪುಣಿಯಾಗಿರಲಿಲ್ಲ. ಹೆಗ್ಗನಹಳ್ಳಿಗೆ ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಆಗ ಅಲ್ಲಿ ರಾಗಿ ಹೊಲ, ಮನೆಯಲ್ಲಿ ಹನ್ನೊಂದು ಜನ, ಬಚ್ಚಲಲ್ಲಿ ಹನ್ನೊಂದು ಜನರ ಪಾತ್ರೆ. ಮಾಗಡಿ ರಸ್ತೆಯಲ್ಲಿ ಬಸ್ಸು ಹೋಗುವ ಸದ್ದು ಗಾಳಿ ಈ ಕಡೆ ಬೀಸಿದಾಗ ಕೇಳುತ್ತಿತ್ತು. ಪಾತ್ರೆ ತಿಕ್ಕುತ್ತಾ ನಾನು ಬಸ್ಸಿನ ಕಂಡಕ್ಟರ್ ಆಗಿದ್ದೆ. ಹೆಂಗಸರು ಕಂಡಕ್ಟರ್ ಆಗುವುದನ್ನು ಆಗ ಯಾರೂ ಕಂಡಿರಲಿಲ್ಲ. ನಾನೊಬ್ಬಳೇ, ನನ್ನ ಬಚ್ಚಲಲ್ಲಿ. ಹೆಗಲಿಗೆ ಚರ್ಮದ ಚೀಲ, ಬಾಯಲ್ಲಿ ಸೀಟಿ. ಇಡೀ ಬಸ್ಸು ನಾನು ಊದಿದರೆ ಹೊರಡಬೇಕು, ಊದಿದರೆ ನಿಲ್ಲಬೇಕು. ಅತ್ತೆಯನ್ನು ಎಷ್ಟೋ ಸಲ ನಡುದಾರಿಯಲ್ಲಿ ಇಳಿಸಿದ್ದೇನೆ. ಒಮ್ಮೆ ಮಾವನವರು ಬಚ್ಚಲ ಬಾಗಿಲಲ್ಲಿ ನಿಂತು ಏನೋ ಕೇಳಿದಾಗ "ಬಾಗ್ಲಲ್ಲಿ ನಿಲ್ಬೇಡಿ, ಒಳಗೆ ಹೋಗಿ, ಒಳಗೆ ಹೋಗಿ" ಎಂದು ಗದರಿಬಿಟ್ಟೆ. ಪಾಪ, ಅವರು ತಂಬಿಗೆ ಹಿಡಿದುಕೊಂಡೇ ಒಳಗೆ ಹೋದರು. ಸೊಸೆಗೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ತಾಯಿತ ಕಟ್ಟಿಕೊಂಡೇ ನಾನು ಇನ್ನೂ ಆರು ವರ್ಷ ಬಸ್ಸು ಓಡಿಸಿದೆ.

ಇದನ್ನೆಲ್ಲ ಹೇಳಿದ್ದು ಏಕೆಂದರೆ, ಹಗಲುಗನಸಿನಲ್ಲಿ ಪಳಗಿದವಳಾದ ನನಗೆ ಸಿಂಚನಳ ಮದುವೆಗಳಲ್ಲಿ ಏನೋ ಕೊರತೆ ಎಂದು ಅನ್ನಿಸುತ್ತಿತ್ತು. ಏನೆಂದು ತಿಳಿಯಲು ಮೂರು ವರ್ಷ ಬೇಕಾಯಿತು. ಕಳೆದ ಮಾಘದಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಕೇಳಿದೆ.

"ಅಲ್ಲ ಕಣೇ, ಇಷ್ಟೆಲ್ಲ ಜನ ಇದಾರಲ್ಲ ಛತ್ರದಲ್ಲಿ, ನೀನೆಲ್ಲಿದೀಯ?"

"ನಾನಾ? ನಾನು ಬಾಗ್ಲ ಹತ್ರ ಇದೀನಲ್ಲ ಅಜ್ಜಿ. ಊಟ ಮುಗಿಸಿ ಹೋಗೋರಿಗೆ ತೆಂಗಿನಕಾಯಿ ಚೀಲ ಕೊಡ್ತಾ ಇದೀನಿ."

"ನಿನ್ನೆ ಮದುವೇಲಿ?"

"ನಿನ್ನೆ ಎಲೆ ಹಾಕ್ತಾ ಇದ್ದೆ."

ಮೂರು ವರ್ಷ, ಅಷ್ಟು ಮದುವೆ, ಒಂದರಲ್ಲೂ ಈ ಹುಡುಗಿ ಕೂತು ಉಂಡಿಲ್ಲ. ತನ್ನ ತಲೆಯೊಳಗೇ ಕಟ್ಟಿದ ಛತ್ರದಲ್ಲಿ ತಾನೇ ಬಾಗಿಲು ಕಾಯುತ್ತಾ ನಿಂತಿದ್ದಾಳೆ. "ಅಯ್ಯೋ ಪೆದ್ದಿ, ಕನಸು ನಿಂದು, ಮದುಮಗಳೂ ನೀನೇ ಆಗೇ!" ಎಂದೆ.

ಅವಳು ದಾರಕ್ಕೆ ಗಂಟು ಹಾಕುತ್ತಲೇ, ತಲೆ ಎತ್ತದೆ, "ಆಗಲ್ಲ ಅಜ್ಜಿ," ಎಂದಳು. "ಮದುಮಗಳು ಆದ್ರೆ ಅಪ್ಪ ಧಾರೆ ಎರೀಬೇಕಲ್ಲ."

ಆ ದಿನ ನಾನು ಎಳೆ ಬಿಡಿಸುವ ಕೆಲಸಕ್ಕೆ ಮರಳಿದೆ. ಆದರೆ ನನ್ನದು ಸುಮ್ಮನಿರುವ ಜಾತಿಯಲ್ಲ. ಎರಡು ದಿನ ಯೋಚಿಸಿದೆ. ಮೂರನೇ ದಿನ ಪದ್ಮ ಒಂದು ಧಾರೆ ಸೀರೆ ತಂದಳು. ಮೈಯೆಲ್ಲ ಗಿಳಿಹಸಿರು, ಸೆರಗು ಕುಂಕುಮ ಬಣ್ಣ. "ಇದು ಅರ್ಜೆಂಟು. ಬ್ಲೌಸ್ ಪೀಸ್ ಇನ್ನೂ ಕತ್ತರಿಸಿಲ್ಲ, ಸಂಜೆ ಟೈಲರ್‌ಗೆ ಕೊಡ್ಬೇಕು. ಭಾನುವಾರ ಮದುವೆ," ಎಂದು ಹೇಳಿ ಹೋದಳು. ನಾನು ಮಡಿಕೆ ಬಿಡಿಸಿ ತುದಿ ಕೊಟ್ಟೆ. ಕೊಟ್ಟವಳೇ ಪೀಠಿಕೆಯಿಲ್ಲದೆ ಹೇಳಿದೆ:

"ನೋಡೇ, ಧಾರೆ ನಾನು ಎರೀತೀನಿ."

"ಅಜ್ಜಿ ಎರೆದ್ರೆ ಆಗುತ್ತಾ?"

"ಪುರೋಹಿತರನ್ನ ನಾವೇ ಅಲ್ವಾ ಕರೆಸಿರೋದು? ಆಗುತ್ತೆ ಅಂತ ಅವ್ರ ಬಾಯಲ್ಲೇ ಹೇಳಿಸು."

ಅವಳು ಒಂದು ಎಳೆ ಹೊಸೆದು ಗಂಟು ಹಾಕಿದಳು. ಆಮೇಲೆ ಬಹಳ ಮೆತ್ತಗೆ, "ಆಯ್ತಂತೆ," ಎಂದಳು.

ಅಂಥ ಮದುವೆಯನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ವರ ಯಾರೆಂದು ಇಬ್ಬರೂ ಗಮನಿಸಲಿಲ್ಲ, ಯಾರೋ ಒಬ್ಬ ಇದ್ದ. ಸಿಂಚನ ಹಸಿರು ಸೀರೆ ಉಟ್ಟು ತೆಂಗಿನಕಾಯಿ ಹಿಡಿದು ನಿಂತಳು. ನಾನು ಬೆಳ್ಳಿ ಗಿಂಡಿಯಲ್ಲಿ ನೀರು ಬಿಟ್ಟೆ. ಅವಳ ತಾಯಿ ಸುಜಾತ ರಜೆ ಹಾಕಿ ಬಂದಿದ್ದಳು, ತಲೆಯಲ್ಲಿ ನೂಲಿರಲಿಲ್ಲ, ಹೂವಿತ್ತು. ಸಿಂಚನಳ ಬೆರಳುಗಳು ಎಂದೂ ಇಲ್ಲದ ವೇಗದಲ್ಲಿ ಓಡುತ್ತಿದ್ದವು. ನಾನು ಕಣ್ಣು ಮುಚ್ಚಿ ಕೂತಿದ್ದೆ. ಒಂದು ಸಲ ಅವಳ ದನಿ ತಡೆಯಿತು. ದುಃಖ ಬಂತೇನೋ ಎಂದು ನಾನು ಕಣ್ಣು ತೆರೆಯದೆ, "ಹೂಂ, ಮುಂದೆ ಹೇಳು," ಎಂದೆ. ಅವಳು ಹೇಳಿದಳು.

ನಾಲ್ಕು ಗಂಟೆಗೆ ಪದ್ಮ ಬಂದಳು. ಸೀರೆ ಬಿಡಿಸಿದಳು. ಬಿಡಿಸಿದವಳು ಹಾಗೇ ನಿಂತಳು.

"ಇದೇನ್ ಸಿಂಚನ? ಬ್ಲೌಸ್ ಪೀಸಿಗೆ ಕುಚ್ಚು ಕಟ್ಟಿದೀಯಲ್ಲ!"

ಆ ಸೀರೆಯ ಸೆರಗೂ ಕುಂಕುಮ ಬಣ್ಣ, ಇನ್ನೊಂದು ತುದಿಯಲ್ಲಿ ಬ್ಲೌಸಿಗೆಂದು ಬಿಟ್ಟ ತುಂಡೂ ಕುಂಕುಮ ಬಣ್ಣ. ಕತ್ತರಿಸುವವರೆಗೆ ಎರಡು ಕಡೆಯೂ ಎಳೆಗಳಿರುತ್ತವೆ. ಜರಿ ನೋಡಿ ಸೆರಗು ಯಾವುದೆಂದು ತಿಳಿಯಬೇಕು. ನಾನು ನೋಡಲಿಲ್ಲ. ಕುಚ್ಚು ಕಟ್ಟುವವರ ಮನೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇಲ್ಲ. ತಾಳಿಯನ್ನು ವರನಿಗೇ ಕಟ್ಟಿದ ಹಾಗೆ.

ನಾನು ನಗೆಯಾಡಿ ತಪ್ಪಿಸಿಕೊಳ್ಳಲು ನೋಡಿದೆ. "ಇರ್ಲಿ ಬಿಡಮ್ಮ, ತೋಳಿನ ತುದೀಗೆ ಕುಚ್ಚು ಬರುತ್ತೆ. ಈಗಿನ ಹುಡುಗೀರು ಬೆನ್ನಿಗೂ ಕಟ್ಕೋತಾರಲ್ಲ, ಹೊಸ ಫ್ಯಾಶನ್ನು."

"ಕಿವಿಗೆ ಹೂ ಇಡ್ಬೇಡಿ ಅಜ್ಜಿ," ಎಂದಳು ಪದ್ಮ. "ಸೆರಗು ಬೋಳಾಗೇ ಇದೆ, ಮದುವೆ ಹುಡುಗಿ ಅಮ್ಮನಿಗೆ ನಾನೇನ್ ಹೇಳ್ಲಿ? ಕೆಲಸದ ಹೊತ್ತಲ್ಲಿ ಕಥೆ ಹೇಳ್ಕೊಂಡು ಕೂತ್ರೆ ಇನ್ನೇನಾಗುತ್ತೆ?"

ಈಗ ನನ್ನ ನಿಜವಾದ ತಪ್ಪೊಪ್ಪಿಗೆಗೆ ಬರುತ್ತೇನೆ. ಆ ತುದಿ ಕೊಟ್ಟವಳು ನಾನು. ಬಾಯಿ ಬಿಟ್ಟು ಹೇಳಬೇಕಾಗಿದ್ದವಳೂ ನಾನೇ. ಆದರೆ ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಅಜ್ಜಿಯ ಕೈಗೆ ಸೀರೆ ಕೊಡಬೇಡಿ, ಅಜ್ಜಿ ಒಂದು ಮೂಲೆಯಲ್ಲಿ ರಾಮ ಕೃಷ್ಣ ಅನ್ನಲಿ. ಆ ಮೂಲೆ ಕಣ್ಣೆದುರಿಗೆ ಬಂತು. ನಾನು ಒಂದು ಕ್ಷಣ ತಡೆದೆ. ಆ ಕ್ಷಣದಲ್ಲಿ ಸಿಂಚನ, "ನನ್ ತಪ್ಪು ಆಂಟಿ," ಎಂದುಬಿಟ್ಟಳು. ಒಮ್ಮೆ ಹೇಳದ ಮಾತು ಆಮೇಲೆ ಗಂಟಲಲ್ಲಿ ಬಲಿಯುತ್ತದೆ. ಕುಚ್ಚು ಬಿಚ್ಚುವಾಗ ಹೇಳಲಿಲ್ಲ, ಎಳೆಗಳು ಸವೆದು ತುಂಡಾಗುವಾಗ ಹೇಳಲಿಲ್ಲ, ಪದ್ಮ ಅರ್ಧಂಬರ್ಧ ಸೀರೆಯನ್ನೇ ಮಡಚಿ ಬೇರೆಯವರ ಹತ್ತಿರ ಕಟ್ಟಿಸುತ್ತೇನೆಂದು ಒಯ್ದಾಗಲೂ ಹೇಳಲಿಲ್ಲ. ಅವಳು ಮತ್ತೆ ಸೀರೆ ತರಲಿಲ್ಲ.

ಸಂಜೆ ಸುಜಾತ ಬಂದು ಎಲ್ಲ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಕಾಲು ತೊಳೆದು, ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದಳು:

"ಸೋಮವಾರದಿಂದ ನನ್ ಜೊತೆ ಬಾ. ಹೆಲ್ಪರ್ ಬೇಕು ಅಂತಿದಾರೆ. ಅಲ್ಲಿ ಕನಸು ಕಾಣೋಕ್ಕೆ ಪುರುಸೊತ್ತಿರಲ್ಲ, ಬದುಕ್ಕೋತೀಯ."

"ಇನ್ನೊಂದ್ ಸ್ವಲ್ಪ ದಿನ ನೋಡೋಣ ಸುಜಾತ," ಎಂದೆ ನಾನು. "ಬೇರೆ ಅಂಗಡಿ ಕೇಳೋಣ."

"ಅತ್ತೆ, ನಾನು ಸತ್ರೆ ಇವಳ ಕೈಲಿ ಏನಿರುತ್ತೆ? ಮದುವೆ ಕಥೇನಾ?"

ಸುಜಾತ ಕೆಟ್ಟವಳಲ್ಲ. ಅವಳಿಗೂ ಒಮ್ಮೆ ಇಪ್ಪತ್ತೆರಡು ಇತ್ತು, ನಾನು ನೋಡಿದ್ದೇನೆ.

ಸೋಮವಾರದಿಂದ ವ್ಯಾನಿಗೆ ಇಬ್ಬರು ಹೋದರು. ಸಿಂಚನಳ ಕೆಲಸ, ಹೊಲಿದು ಬಂದ ಶರ್ಟುಗಳಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವುದು. ಕೂರುವಂತಿಲ್ಲ, ಉದ್ದದ ಮೇಜಿನ ಮುಂದೆ ದಿನವಿಡೀ ನಿಂತು ಕತ್ತರಿಸಬೇಕು. ಮೂರು ವರ್ಷ ದಾರ ಕಟ್ಟಿದ ಕೈ ಈಗ ದಾರ ಕತ್ತರಿಸುತ್ತದೆ. ವಾರದ ಮೇಲೆ ವಾರ ಸಂಜೆ ಬಂದಾಗ ನಾನು ಕೇಳುತ್ತಿದ್ದೆ, "ಇವತ್ತು ಯಾರ ಮನೆ?" ಅವಳು "ಯಾರದ್ದೂ ಇಲ್ಲ ಅಜ್ಜಿ, ಬರೀ ಗಂಡಸರ ಶರ್ಟು, ಎಲ್ಲಾ ಒಂದೇ ಸೈಜು," ಎಂದು ಗೋಡೆಗೆ ಒರಗುತ್ತಿದ್ದಳು. ಆಮೇಲೆ ನಾನೂ ಕೇಳುವುದನ್ನು ಬಿಟ್ಟೆ.

ಮಧ್ಯಾಹ್ನಗಳು ಹೇಗಿರುತ್ತವೆ ಎಂದು ಕೇಳಬೇಡಿ. ಪೈಪಿನ ಮೇಲಿನ ಗೆರೆಬಿಸಿಲು ಈಗ ನನ್ನೊಬ್ಬಳಿಗೇ ಮೀಸಲು. ಹೊತ್ತು ಹೋಗಲೆಂದು ಸಿಂಚನ ತನ್ನ ಹಳೆಯ ಫೋನನ್ನು ನನಗೆ ಕೊಟ್ಟು ಕನ್ನಡದಲ್ಲಿ ಬರೆಯುವುದನ್ನು ಕಲಿಸಿದಳು. ಹೆಸರುಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಅಕ್ಷರ ಆರಿಸುತ್ತೇನೆ. ಈ ಯಂತ್ರವೂ ಹಗಲುಗನಸಿನದೇ. ನಾನು ಒಂದು ಪದ ಒತ್ತಿದರೆ ಮುಂದಿನ ಮೂರು ಪದಗಳನ್ನು ತಾನೇ ಊಹಿಸಿಕೊಂಡು ಕೂತಿರುತ್ತದೆ. 'ಮೊಮ್ಮಗಳು' ಎಂದು ಬರೆದರೆ 'ಹುಟ್ಟುಹಬ್ಬದ ಶುಭಾಶಯಗಳು' ಎನ್ನುತ್ತದೆ. ಪಾಪ, ಅದಕ್ಕೇನು ಗೊತ್ತು.

ಕಳೆದ ಭಾನುವಾರ ಮಧ್ಯಾಹ್ನ ಸುಜಾತ ಮಲಗಿದ್ದಳು. ನಾನು ಸಿಂಚನಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಹರಳೆಣ್ಣೆ ಬಿಸಿ ಮಾಡಿದ್ದೆ. ಇಪ್ಪತ್ತೆರಡರ ಹುಡುಗಿಯ ಪಾದ ನನ್ನ ಪಾದದಷ್ಟೇ ಊದಿತ್ತು. ಅದನ್ನು ಹಿಡಿದುಕೊಂಡು ಇನ್ನು ಸುಮ್ಮನಿರಲು ಆಗಲಿಲ್ಲ.

"ಸಿಂಚು, ಅವತ್ತು ಆ ತುದಿ ಕೊಟ್ಟಿದ್ದು ನಾನು ಕಣೇ."

"ಗೊತ್ತು ಅಜ್ಜಿ."

"ಗೊತ್ತಾ? ಯಾವಾಗಿಂದ?"

"ಕಟ್ತಾ ಕಟ್ತಾನೇ ಗೊತ್ತಾಯ್ತು. ಅರ್ಧ ಆಗಿತ್ತು."

ನನ್ನ ಕೈ ನಿಂತಿತು. "ಅರ್ಧದಲ್ಲೇ ಗೊತ್ತಾಗಿ ಯಾಕೇ ಕಟ್ದೆ? ಆಗ್ಲೇ ನಿಲ್ಸಿದ್ರೆ ಬಿಚ್ಚಿ ಸರಿ ಮಾಡ್ಬೋದಿತ್ತಲ್ಲ!"

"ನೀನು ಕಣ್ಮುಚ್ಕೊಂಡು ಧಾರೆ ಎರೀತಾ ಇದ್ದೆ," ಎಂದಳು ಅವಳು. "ನಿಲ್ಸಿದ್ರೆ ಮದುವೆ ನಿಲ್ತಿತ್ತು. ಅದಕ್ಕೆ ಕಟ್ಟಿ ಮುಗಿಸ್ದೆ."

ಆಗ ನನಗೆ ನೆನಪಾಯಿತು, ನಡುವೆ ಒಮ್ಮೆ ಅವಳ ದನಿ ತಡೆದದ್ದು. ಹೂಂ, ಮುಂದೆ ಹೇಳು ಎಂದು ನಾನೇ ನೂಕಿದ್ದೆ. ಒಂದು ಸೀರೆ, ಒಂದು ಕೆಲಸ, ಅಮ್ಮನ ಮುಖ, ಇಷ್ಟನ್ನೂ ತೂಕಕ್ಕೆ ಹಾಕಿ ಆ ಹುಡುಗಿ ಒಂದು ಮಧ್ಯಾಹ್ನವನ್ನು ಆರಿಸಿಕೊಂಡಿದ್ದಳು. ಪೆದ್ದಿ ಎನ್ನಬೇಕೋ, ಜಾಣೆ ಎನ್ನಬೇಕೋ. ಎಪ್ಪತ್ತು ದಾಟಿದ ನನಗೇ ತಿಳಿಯದಿದ್ದ ಮೇಲೆ ನಿಮ್ಮನ್ನು ಕೇಳಿ ಏನು ಪ್ರಯೋಜನ? ನಾನು ಮತ್ತೆ ಎಣ್ಣೆ ತೆಗೆದುಕೊಂಡು ಇನ್ನೊಂದು ಪಾದ ಹಿಡಿದೆ.

"ಅಮ್ಮನಿಗೆ ಹೇಳ್ತೀನಿ ಕಣೇ ಇವತ್ತು."

"ಹೇಳು. ಆದ್ರೂ ನಾನು ಬೆಳಿಗ್ಗೆ ವ್ಯಾನ್ ಹತ್ಲೇಬೇಕು."

ಅದೂ ನಿಜವೇ. ಆದರೆ ನನ್ನ ಹಳೆಯ ಚಾಳಿ ಬಿಡಲಿಲ್ಲ. "ಹೋಗ್ಲಿ, ಅಲ್ಲಿ ನಿಂತಾಗ ತಲೇಲಿ ನಿಜವಾಗ್ಲೂ ಏನೂ ಓಡಲ್ವಾ? ಸುಳ್ಳು ಹೇಳ್ಬೇಡ."

ಅವಳು ಸುಜಾತಳತ್ತ ನೋಡಿ, ದನಿ ತಗ್ಗಿಸಿ, ಏನೋ ಕದ್ದವಳಂತೆ ಹೇಳಿದಳು. "ಒಂದು ಓಡುತ್ತೆ. ಸೂಪರ್‌ವೈಸರ್ ಬರ್ತಾನೆ. ಎಲ್ರೂ ಹೆದರ್ಕೊಂಡು ನೋಡ್ತಾರೆ. ಅವ್ನು ನನ್ ಹತ್ರಾನೇ ಬರ್ತಾನೆ. ಬಂದು, ಮೇಡಂ ಕೂತ್ಕೊಳಿ ಅಂತ ಒಂದು ಕುರ್ಚಿ ಹಾಕ್ತಾನೆ."

"ಆಮೇಲೆ?"

"ಆಮೇಲೆ ಏನಿಲ್ಲ. ನಾನು ಕೂತ್ಕೋತೀನಿ. ಅಷ್ಟೇ."

ನನಗೆ ಅಳು ಬಂತು. ಛತ್ರಗಳನ್ನೇ ಎಬ್ಬಿಸುತ್ತಿದ್ದ ಹುಡುಗಿ ಒಂದು ಕುರ್ಚಿಗೆ ಇಳಿದಿದ್ದಾಳೆ. ಕಣ್ಣೊರೆಸಿಕೊಳ್ಳಲು ಕೈಯೆಲ್ಲ ಎಣ್ಣೆ. ಹಾಗೇ ಕೂತಿದ್ದಾಗ ಇನ್ನೊಂದು ಹೊಳೆಯಿತು. ಈ ಸಲ ಬಾಗಿಲಲ್ಲಿ ಚೀಲ ಹಿಡಿದು ನಿಂತಿಲ್ಲ. ಕುರ್ಚಿ ತರಿಸಿದ್ದಾಳೆ, ಅದರಲ್ಲಿ ತಾನೇ ಕೂತಿದ್ದಾಳೆ.

"ಕುರ್ಚಿಗೆ ಕೈ ಇದೆಯೇನೇ?" ಎಂದೆ.

"ಇಲ್ಲ ಅಜ್ಜಿ. ಪ್ಲಾಸ್ಟಿಕ್ ಸ್ಟೂಲ್ ಥರದ್ದು."

"ಕೈ ಹಾಕಿಸು. ಮೆತ್ತೆ ಹಾಕಿಸು. ಅವ್ನೇನ್ ಮನೆಯಿಂದ ತಂದು ಕೊಡ್ತಾನಾ?"

"ಅಷ್ಟೊಂದೆಲ್ಲ ಬೇಡಪ್ಪ," ಎಂದು ಅವಳು ಕಣ್ಣು ಮುಚ್ಚಿದಳು. ನಿದ್ದೆ ಬಂತೆಂದುಕೊಂಡು ನಾನು ಎಣ್ಣೆಯ ಬಟ್ಟಲು ಎತ್ತಿಟ್ಟೆ. ಆಗ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅಜ್ಜಿ, ತಿರುಗೋ ಕುರ್ಚಿ ಆಗ್ಬೋದಾ?"